ಅರ್ಜಿಯಲ್ಲಿ ಸಂಬಳದ ಸಾಲು ಮುಚ್ಚಿಡಬೇಡಿ

ಮೈಸೂರು, ಮಂಡ್ಯ ಭಾಗದ ಸಣ್ಣ ಸಂಘ, ಟ್ರಸ್ಟ್‌ಗಳಿಗೆ ಫೌಂಡೇಶನ್‌ಗಳ ಅನುದಾನದ ಅರ್ಜಿ ಸಿದ್ಧಪಡಿಸಿಕೊಡುವುದು ನನ್ನ ಕೆಲಸ. ಕರಡು ಕೈಗೆ ಬಂದ ಕೂಡಲೇ ನಾನು ತೆರೆಯುವುದು ಬಜೆಟ್ ಪುಟವನ್ನು. ಪೀಠಿಕೆಯನ್ನು ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ. ಸಂಸ್ಥೆ ಹೇಗೆ ನಡೆಯುತ್ತಿದೆ ಎಂಬುದು ತಿಳಿಯುವುದು ಅಂಕಿಗಳಲ್ಲಿ.

ಪಾಂಡವಪುರದ ಕಡೆಯ ಸಂಘವೊಂದು ಕಬ್ಬು ಕಡಿಯಲು ಬಂದವರ ಮಕ್ಕಳಿಗೆ ಸಂಜೆ ಪಾಠ ನಡೆಸುತ್ತದೆ. ಅವರ ಬಜೆಟ್‌ನಲ್ಲಿ ಸ್ಲೇಟು, ಚಾಪೆ, ಸೋಲಾರ್ ದೀಪ, ಬಿಸ್ಕತ್ತು, ಕೊನೆಗೆ ಉದ್ಘಾಟನೆಯ ಬ್ಯಾನರಿಗೂ ದರ ನಮೂದಾಗಿತ್ತು. ಪಾಠ ಹೇಳುವ ಇಬ್ಬರು ಹೆಣ್ಣುಮಕ್ಕಳ ಎದುರು ಮಾತ್ರ ‘ಸ್ವಯಂಸೇವೆ’ ಎಂದು ಬರೆದು ಸೊನ್ನೆ ಸುತ್ತಿದ್ದರು. ವಿಚಾರಿಸಿದರೆ, ನಿವೃತ್ತ ಮೇಷ್ಟರಾದ ಅಧ್ಯಕ್ಷರೇ ತಮ್ಮ ಪಿಂಚಣಿಯಿಂದ ಅವರಿಗೆ ತಿಂಗಳು ತಿಂಗಳು ಅಷ್ಟಿಷ್ಟು ಕೊಡುತ್ತಿದ್ದಾರೆ.

‘ಸಂಬಳ ಎಂದು ಬರೆದರೆ ದುಡ್ಡು ಹೊಡೆಯಲು ಸಂಘ ಕಟ್ಟಿದ್ದಾರೆ ಎಂದುಕೊಳ್ಳುವುದಿಲ್ಲವೇ ಮೇಡಂ?’ ಎಂದರು.

‘ಬರೆಯದಿದ್ದರೆ ಪಾಠ ಮಾಡುವವರು ಯಾರು ಎಂದು ಕೇಳುತ್ತಾರೆ ಸರ್’ ಎಂದೆ.

ಈ ಹೆದರಿಕೆಯ ಹಿಂದೆ ಒಂದು ತಪ್ಪು ತಿಳಿವಳಿಕೆಯೂ ಇದೆ. ಕಂಪನಿಗಳು ಕಾನೂನಿನಂತೆ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣಕ್ಕೆ ಸಿಎಸ್‌ಆರ್ ಎನ್ನುತ್ತಾರೆ. ‘ಸಿಎಸ್‌ಆರ್ ಹಣದಲ್ಲಿ ಆಡಳಿತ ವೆಚ್ಚ ಶೇ. 5 ಮೀರಬಾರದು’ ಎಂಬ ಮಾತು ಎಲ್ಲ ಸಭೆಗಳಲ್ಲೂ ಓಡಾಡುತ್ತದೆ. ನಿಯಮ ಇರುವುದು ನಿಜ. ಆದರೆ ಅದು ಹಣ ಕೊಡುವ ಕಂಪನಿ ತನ್ನ ಸಿಎಸ್‌ಆರ್ ವ್ಯವಹಾರ ನೋಡಿಕೊಳ್ಳಲು ಮಾಡುವ ಖರ್ಚಿಗೆ ಹಾಕಿದ ಮಿತಿ. ಯೋಜನೆ ನಡೆಸುವ ಸಂಸ್ಥೆಯ ಬೋಧಕಿಯರ ಸಂಬಳಕ್ಕಲ್ಲ. ಕೆಲವು ಕಂಪನಿಗಳು ತಮ್ಮದೇ ಮಿತಿ ಹಾಕುತ್ತವೆ. ಅದು ಅವರ ಷರತ್ತು, ಕಾನೂನಲ್ಲ. ಆದ್ದರಿಂದ ಕೇಳಿ ನೋಡಬಹುದು, ಚೌಕಾಶಿಯನ್ನೂ ಮಾಡಬಹುದು. ವಿದೇಶಿ ದೇಣಿಗೆಯ ದಾರಿ ಬೇರೆ. ಅದರ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯಿಂದ ಅಲ್ಲಿ ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿದಿದೆ. ಹಾಗಿದ್ದರೂ ಶಾಲೆಯ ಶಿಕ್ಷಕರ ಸಂಬಳ ಆ ಲೆಕ್ಕಕ್ಕೆ ಸೇರುವುದಿಲ್ಲ. ವಿದೇಶಿ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವುದಕ್ಕೂ ಆಗಲೇ ತಡೆ ಬಿತ್ತು. ಬೆಂಗಳೂರಿನ ದೊಡ್ಡ ಸಂಸ್ಥೆಯ ಮೂಲಕ ನಮಗೂ ಪಾಲು ಬಂದೀತು ಎಂದು ಕಾಯುವುದು ವ್ಯರ್ಥ.

ಮೇಷ್ಟರ ಬಜೆಟ್ ತಿದ್ದಲು ಕುಳಿತಾಗ ಹೆಚ್ಚು ಹೊತ್ತು ಹಿಡಿದದ್ದು ತಿಂಗಳುಗಳ ಲೆಕ್ಕ. ಕಬ್ಬು ಅರೆಯುವ ಹಂಗಾಮು ಮುಗಿದರೆ ಗುಡಿಸಲು ಕಿತ್ತು ಮಕ್ಕಳೂ ಊರಿಗೆ ಹೊರಡುತ್ತಾರೆ. ಹಾಗೆಂದು ಹಂಗಾಮಿಗಷ್ಟೇ ಗೌರವಧನ ಕೇಳಿದರೆ ಸಾಲದು. ಪಾಠ ಶುರುವಾಗುವ ಮೊದಲು, ಹೊಸ ತಂಡ ಬಂದಾಗ ಗದ್ದೆ ಬದಿಯ ಗುಡಿಸಲುಗಳನ್ನು ಸುತ್ತಿ ಮಕ್ಕಳ ಪಟ್ಟಿ ಮಾಡಬೇಕು, ಮೇಸ್ತ್ರಿಯ ಜೊತೆ ಮಾತಾಡಬೇಕು, ಹತ್ತಿರದ ಸರ್ಕಾರಿ ಶಾಲೆಯ ಮುಖ್ಯಶಿಕ್ಷಕರನ್ನು ಕಾಣಬೇಕು. ಅದೂ ಈ ಇಬ್ಬರದ್ದೇ ದುಡಿಮೆ. ಆ ಅವಧಿಯನ್ನೂ ಸೇರಿಸಿದೆವು. ಅವರ ಬಸ್ ಚಾರ್ಜು, ಲೆಕ್ಕ ಬರೆಯುವವರ ಸಂಭಾವನೆ, ಆಡಿಟರ್ ಶುಲ್ಕ ಒಂದೊಂದಕ್ಕೂ ಪ್ರತ್ಯೇಕ ಸಾಲು ಬಂತು. ‘ಇತರೆ ವೆಚ್ಚ’ ಎಂಬ ಗೋಣಿಚೀಲಕ್ಕೆ ಎಲ್ಲವನ್ನೂ ತುರುಕುವುದು ನನಗೆ ಆಗದು; ಅನುಮಾನ ಹುಟ್ಟುವುದೇ ಅಲ್ಲಿಂದ. ಬ್ಯಾನರನ್ನು ಕೈಬಿಡಲು ಮೇಷ್ಟರು ಒಪ್ಪಿದರಾದರೂ ಮುಖ ಸಪ್ಪಗಾಯಿತು.

ಕಾಗದಪತ್ರಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಸಿಎಸ್‌ಆರ್ ಹಣ ಬೇಕಾದರೆ ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ) ನೋಂದಣಿ ಇರಬೇಕು, ಅಂಥದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಬೇಕು, ಸಿಎಸ್‌ಆರ್-1 ನಮೂನೆಯನ್ನು ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು. ಸಂಘಗಳ ನೋಂದಣಾಧಿಕಾರಿಗೆ ವರ್ಷ ವರ್ಷ ಸಲ್ಲಿಸಬೇಕಾದ ಲೆಕ್ಕ, ಪದಾಧಿಕಾರಿಗಳ ಪಟ್ಟಿ ಬಾಕಿ ಉಳಿದಿದ್ದರೆ ಅರ್ಜಿಗೆ ಮೊದಲೇ ಮುಗಿಸಿಕೊಳ್ಳಿ.

ಸಂಬಳದ ಸಾಲು ಬರೆದ ಮೇಲೆ ಅದನ್ನು ಕೈಗೆ ನಗದು ಕೊಟ್ಟು ತೀರಿಸುವ ಹಳೆಯ ರೂಢಿ ನಡೆಯದು. ಮೊದಲ ತಿಂಗಳಿಂದಲೇ ಗೌರವಧನ ಅವರವರ ಬ್ಯಾಂಕ್ ಖಾತೆಗೆ ಹೋಗಲಿ, ಹಾಜರಿ ಪುಸ್ತಕದಲ್ಲಿ ಸಹಿ ಬೀಳಲಿ, ನೇಮಕಾತಿ ಪತ್ರದಲ್ಲಿ ಬಜೆಟ್‌ನಲ್ಲಿರುವ ಮೊತ್ತವೇ ಇರಲಿ. ಎರಡನೇ ಕಂತು ಕೇಳುವಾಗ ಹಣ ಬಳಕೆ ಪ್ರಮಾಣಪತ್ರದ ಜೊತೆ ಈ ಮೂರನ್ನೂ ತಾಳೆ ನೋಡುತ್ತಾರೆ.