ಹದಿನಾಲ್ಕನೇ ವಾರ: ಒಂದು ಅಂಕಿ ಇಳಿಯಿತು, ಇನ್ನೊಂದು ಜಗ್ಗಲಿಲ್ಲ

ಪೂರ್ತಿ ಸಸ್ಯಾಹಾರಕ್ಕೆ ಹೊರಳಿ ಇದು ಹದಿನಾಲ್ಕನೇ ವಾರ. ಎರಡನೇ ರಕ್ತಪರೀಕ್ಷೆಯ ವರದಿ ಕೈಗೆ ಬಂದಿದೆ. ‘ಕೆಟ್ಟ ಕೊಲೆಸ್ಟರಾಲ್’ ಎನ್ನುವ ಎಲ್‌ಡಿಎಲ್ 168ರಿಂದ 139ಕ್ಕೆ ಇಳಿದಿದೆ. ಎಲ್‌ಡಿಎಲ್‌ನಂತೆಯೇ ಹೃದಯಕ್ಕೆ ಅಪಾಯ ತರುವ ಇನ್ನೊಂದು ಕೊಬ್ಬಿನ ಕಣ, ಲಿಪೊಪ್ರೋಟೀನ್ (ಎ), ಮಾತ್ರ 92 ಇದ್ದದ್ದು ಈಗ 94.

ಅಪ್ಪನಿಗೆ ಮೊದಲ ಹೃದಯಾಘಾತವಾದಾಗ 49, ದೊಡ್ಡಪ್ಪನಿಗೆ 52. ತಂದೆಗೋ ಅಣ್ಣತಮ್ಮಂದಿರಿಗೋ 55 ತುಂಬುವ ಮೊದಲೇ ಹೃದ್ರೋಗ ಬಂದಿದ್ದರೆ ವೈದ್ಯರು ಅದನ್ನು ಅಪಾಯದ ಲೆಕ್ಕಕ್ಕೆ ಸೇರಿಸುತ್ತಾರೆ. ಸಸ್ಯಾಹಾರಕ್ಕೆ ಪೂರ್ತಿ ಹೊರಳಿದ್ದು ಆ ಭಯಕ್ಕೆ.

ಮೊದಲ ನಾಲ್ಕು ವಾರಗಳನ್ನು ದಂಡ ಮಾಡಿದೆ ಎನ್ನಬೇಕು. ಹಾಲು, ಮೊಟ್ಟೆ, ಮಾಂಸ ಬಿಟ್ಟೆ, ಬಿಸ್ಕತ್ತು ಬಿಡಲಿಲ್ಲ. ಪೊಟ್ಟಣದ ಹಿಂಬದಿ ಓದಿದ ಮೇಲೆ ತಿಳಿಯಿತು: ಅದರಲ್ಲಿದ್ದದ್ದು ತಾಳೆ ಎಣ್ಣೆ, ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಗಿಡದಿಂದ ಬಂದದ್ದೆಂಬ ಕಾರಣಕ್ಕೆ ಯಕೃತ್ತು ಅದಕ್ಕೆ ರಿಯಾಯಿತಿ ಕೊಡುವುದಿಲ್ಲ. ಇಂಥ ಕೊಬ್ಬು ಹೆಚ್ಚಾದರೆ ರಕ್ತದಿಂದ ಎಲ್‌ಡಿಎಲ್ ಹಿಡಿದೆಳೆಯುವ ಯಕೃತ್ತಿನ ಗ್ರಾಹಕಗಳ (ರಿಸೆಪ್ಟರ್) ಕೆಲಸ ಕುಗ್ಗುತ್ತದೆ.

ಐದನೇ ವಾರದಿಂದ ದಿನಕ್ಕೆ 75 ಗ್ರಾಂ ಓಟ್ಸ್, ಎರಡು ಹೊತ್ತು ಬೇಳೆಕಾಳು, ಒಂದು ಹಿಡಿ ಬಾದಾಮಿ. ಅಷ್ಟು ಓಟ್ಸ್‌ನಲ್ಲಿ ಸುಮಾರು 3 ಗ್ರಾಂ ಬೀಟಾ-ಗ್ಲೂಕಾನ್ ಇರುತ್ತದೆ. ಈ ಕರಗುವ ನಾರು ಕೊಲೆಸ್ಟರಾಲ್‌ನಿಂದಲೇ ತಯಾರಾಗುವ ಪಿತ್ತಾಮ್ಲವನ್ನು ಕರುಳಿನಲ್ಲಿ ಅಂಟಿಸಿಕೊಂಡು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲ್‌ಗೇ ಕೈ ಹಾಕಬೇಕಾಗುತ್ತದೆ. ಕಾಳನ್ನು ಒಮ್ಮೆಲೇ ಹೆಚ್ಚಿಸಿದ್ದರಿಂದ ಹೊಟ್ಟೆಯುಬ್ಬರದಲ್ಲಿ ಕಳೆದ ವಾರವೊಂದಿದೆ. ಅದರ ವಿವರ ಯಾರಿಗೂ ಬೇಡ. ಗಿಡದ ಆಹಾರದಲ್ಲಿ ಸಿಗದ ವಿಟಮಿನ್ ಬಿ12ರ ಮಾತ್ರೆ ತಪ್ಪಿಸಿಲ್ಲ. ನಡಿಗೆ ವಾರಕ್ಕೆ ಐದು ದಿನ, ಅರ್ಧ ಗಂಟೆ.

ಇನ್ನು ಆ 94. ಎರಡು ಅಂಕಿಯ ವ್ಯತ್ಯಾಸವನ್ನು ಏರಿಕೆಯೆಂದು ಎಣಿಸಬೇಡಿ ಎಂದರು ವೈದ್ಯರು. ಲಿಪೊಪ್ರೋಟೀನ್ (ಎ) ಬಹುಪಾಲು ವಂಶವಾಹಿಯೇ ನಿರ್ಧರಿಸುವ ಮಟ್ಟ, ಊಟ ಬದಲಿಸಿದರೆ ಹೆಚ್ಚೇನೂ ಕದಲದು. ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆ ಅಳೆದರೆ ಸಾಕಂತೆ. ಎರಡನೇ ಸಲ ಹಣ ತೆತ್ತು ಅಳೆಸಿದ್ದು ನನ್ನ ಹಟ. 50 ದಾಟಿದರೇ ಹೆಚ್ಚು ಎನ್ನುವ ಕಡೆ ನನ್ನದು ಅದರ ಇಮ್ಮಡಿಯ ಹತ್ತಿರ. ಅದನ್ನು ಇಳಿಸಲಾಗದಿದ್ದರೆ ಇಳಿಸಬಲ್ಲ ಎಲ್‌ಡಿಎಲ್ ಅನ್ನೇ ಇನ್ನಷ್ಟು ತಗ್ಗಿಸಬೇಕು.

ಹಾಗಾಗಿ ಸೋಮವಾರದಿಂದ ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ. ಮಾತ್ರೆಯಿಲ್ಲದೆ ಗೆಲ್ಲುತ್ತೇನೆ ಎಂದು ಮೊದಲ ವಾರ ಬರೆದಿದ್ದ ಸಾಲನ್ನು ಹೊಡೆದುಹಾಕಿದ್ದೇನೆ. ಓಟ್ಸ್ ಮುಂದುವರಿಯುತ್ತದೆ. ಮುಂದಿನ ಪರೀಕ್ಷೆ ಎಂಟು ವಾರಗಳ ನಂತರ. ತಮ್ಮ ಇನ್ನೂ ಒಂದು ಸಲವೂ ರಕ್ತ ಕೊಟ್ಟಿಲ್ಲ. ಅವನನ್ನು ಒಪ್ಪಿಸುವ ಕೆಲಸ ಬಾಕಿ.