ಒಂದು ಗಂಟೆಯೊಳಗಿನ ಬೆಟ್ಟಗಳು: ನನ್ನ ನಕ್ಷೆ ಎಲ್ಲಿಗೆ ಬಂತು

ಊರಿಂದ ಗಾಡಿಯಲ್ಲಿ ಒಂದು ಗಂಟೆಯೊಳಗೆ ಮುಟ್ಟಬಹುದಾದ ಚಾರಣದ ಜಾಗಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಗುರುತಿಸುವ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ಕರಡು ಮುಗಿದಿದೆ. ಒಂದೊಂದೇ ಹಾದಿಯನ್ನು ನಡೆದು ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದೇನೆ. ಇಲ್ಲಿವರೆಗೆ ಆಗಿದ್ದನ್ನು ಬರೆದಿಡುತ್ತೇನೆ, ಇಂಥದ್ದೇ ನಕ್ಷೆ ಮಾಡುವ ಆಸೆ ಇರುವವರಿಗೆ ಉಪಯೋಗ ಆಗಬಹುದು.

ಊರನ್ನು ನಡುವೆ ಇಟ್ಟು ಸುತ್ತ ಒಂದು ವೃತ್ತ ಎಳೆಯುವುದು ಸುಲಭ. ನಾನು ದೂರದ ಬದಲು ಸಮಯ ಹಿಡಿದೆ. ಒಂದು ಗಂಟೆಯಲ್ಲಿ ಎಲ್ಲಿವರೆಗೆ ಹೋಗಬಹುದು ಅಂತ ಪ್ರತಿ ರಸ್ತೆಯ ಮೇಲೂ ಚುಕ್ಕೆ ಇಟ್ಟು, ಆ ಚುಕ್ಕೆಗಳನ್ನು ಸೇರಿಸುತ್ತಾ ಹೋದೆ. ಸಿಕ್ಕ ಆಕಾರ ವೃತ್ತದ ಹತ್ತಿರಕ್ಕೂ ಬರುವುದಿಲ್ಲ. ಹೆದ್ದಾರಿ ಇರುವ ಕಡೆ ಉದ್ದಕ್ಕೆ ಚಾಚುತ್ತದೆ. ಸೇತುವೆ ಇಲ್ಲದ ಹೊಳೆ ಅಡ್ಡ ಬಂದ ಕಡೆ, ತಿರುವು ಜಾಸ್ತಿ ಇರುವ ಕಡೆ ಊರಿನತ್ತ ಕುಗ್ಗುತ್ತದೆ. ಮನೆ ತಾರಸಿಯಿಂದ ಕಾಣುವ ಗುಡ್ಡವೇ ಗೆರೆಯ ಆಚೆ ಉಳಿಯಬಹುದು, ಹೆಸರೂ ಕೇಳದ ಯಾವುದೋ ಗುಡ್ಡಸಾಲು ಒಳಗೆ ಬರಬಹುದು. ಕೆಲಸಕ್ಕೆ ಹುರುಪು ಬಂದದ್ದೇ ಈ ಗೆರೆ ಎಳೆದ ಮೇಲೆ.

ಆಮೇಲೆ ಸಮೋನ್ನತ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು. ಶಾಲೆಯ ಭೂಗೋಳದಲ್ಲಿ ಓದಿದ್ದೇ: ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ನಿಧಾನ ಏರು. ಎರಡು ಶಿಖರಗಳ ನಡುವೆ ಗೆರೆಗಳು ಸೊಂಟದಂತೆ ಸಣ್ಣಗಾದರೆ ಅಲ್ಲೊಂದು ಕಣಿವೆದಾರಿ ಇರುತ್ತದೆ. ಹಳೆಯ ಕಾಲುದಾರಿಗಳು ಹೆಚ್ಚಾಗಿ ಅಲ್ಲಿಂದಲೇ ದಾಟುತ್ತವೆ, ಹಾಗಾಗಿ ಹೊಸ ಹಾದಿ ಹುಡುಕುವಾಗ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೆ.

ಆದರೆ ಈ ಗೆರೆಗಳನ್ನು ಪೂರ್ತಿ ನಂಬುವ ಹಾಗಿಲ್ಲ. ಫೋನಿನ ಎಷ್ಟೋ ನಕ್ಷೆಗಳ ಎತ್ತರದ ಲೆಕ್ಕ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ ರೇಡಾರಿನಿಂದ ಅಳೆದದ್ದು. ಅದರಲ್ಲಿ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ. ಹತ್ತು ಮೀಟರಿನ ನೆಟ್ಟಗಿನ ಬಂಡೆಯೊಂದು ಆ ಚೌಕದೊಳಗೆ ಸದ್ದಿಲ್ಲದೆ ಕರಗಿಹೋಗುತ್ತದೆ. ನಕ್ಷೆಯಲ್ಲಿ ಸಾಧಾರಣ ಇಳಿಜಾರು, ಎದುರಿಗೆ ನಿಂತರೆ ಗೋಡೆ. ದಟ್ಟ ಕಾಡಿನಲ್ಲಿ ಇನ್ನೊಂದು ತೊಡಕು. ರೇಡಾರ್ ಅಲೆಗಳು ನೆಲ ಮುಟ್ಟುವ ಮೊದಲೇ ಮರಗಳ ಹಂದರದಿಂದ ವಾಪಸ್ಸಾಗುತ್ತವೆ. ಅದಕ್ಕೇ ನಡೆದು ನೋಡದ ಹಾದಿಯನ್ನು ಪೆನ್ಸಿಲಿನಲ್ಲಿ, ನಡೆದು ಬಂದದ್ದನ್ನು ಶಾಯಿಯಲ್ಲಿ ಗುರುತಿಸುತ್ತಿದ್ದೇನೆ.

ಎಷ್ಟು ಹೊತ್ತು ಬೇಕು ಅನ್ನುವುದಕ್ಕೆ ಹಳೆಯ ಸೂತ್ರವೇ ಸಾಕು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟದ್ದು: ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 300 ಮೀಟರ್ ಏರಿಗೆ ಅರ್ಧ ಗಂಟೆ. ಹೋಗಿ ಬರಲು ಆರು ಕಿಲೋಮೀಟರ್, ಏರು 300 ಮೀಟರ್ ಅಂತಿಟ್ಟುಕೊಳ್ಳಿ. ಲೆಕ್ಕಕ್ಕೆ ಒಂದು ಗಂಟೆ ನಲವತ್ತೆರಡು ನಿಮಿಷ. ಇದು ಗಟ್ಟಿಯಾಗಿ, ಎಲ್ಲೂ ನಿಲ್ಲದೆ ನಡೆಯುವವರ ಲೆಕ್ಕ. ಮಕ್ಕಳಿದ್ದರೆ, ಹಕ್ಕಿ ನೋಡುತ್ತಾ ನಿಲ್ಲುವವರಿದ್ದರೆ ಇನ್ನರ್ಧ ಸೇರಿಸಿಯೇ ಬರೆಯುತ್ತೇನೆ.

ಇಳಿಯುವುದು ಬೇಗ ಆಗುತ್ತೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ಅಲ್ವಾ? ನಯವಾದ ಇಳಿಜಾರಿನಲ್ಲಿ ಅದು ನಿಜ. ಕಡಿದಾದಲ್ಲಿ ನಡಿಗೆ ಮತ್ತೆ ನಿಧಾನ ಆಗುತ್ತದೆ. ಬೋಳು ಬಂಡೆಯ ಮೇಲೆ ಇದು ಕಾಲಿಗೇ ಗೊತ್ತಾಗುತ್ತದೆ. ಹತ್ತುವಾಗ ಲಕ್ಷ್ಯಕ್ಕೇ ಬಾರದ ಕಾಳುಕಾಳು ಮರಳು ಇಳಿಯುವಾಗ ಅಂಗಾಲಿನಡಿ ಉರುಳತೊಡಗುತ್ತದೆ. ಮಳೆನೀರು ಹರಿದು ಕಪ್ಪಾದ ಪಟ್ಟೆಗಳು ಒಣಗಿದ್ದಾಗ ಒಳ್ಳೆ ಹಿಡಿತ ಕೊಡುತ್ತವೆ. ಬೆಳಗಿನ ಇಬ್ಬನಿ ಬಿದ್ದರೆ ಸಾಕು, ಅದೇ ಪಟ್ಟೆಯಲ್ಲಿ ಪಾಚಿ ಜಾರುತ್ತದೆ. ಇಂಥ ಹಾದಿಗಳ ಪಕ್ಕ ಹತ್ತುವ ಹೊತ್ತು, ಇಳಿಯುವ ಹೊತ್ತು ಬೇರೆ ಬೇರೆ ಬರೆದಿದ್ದೇನೆ. ಈ ನಕ್ಷೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಅಂಕಣಗಳು ಅವೆರಡೇ.

ತಂಪಿಗೆ ಎತ್ತರದ ಜಾಗ ಹುಡುಕಬೇಕು ಅನ್ನುವ ಮಾತೂ ಇದೆ. ಸರಾಸರಿ ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಅಂದರೆ 300 ಮೀಟರಿನ ಗುಡ್ಡದ ತುದಿಯಲ್ಲಿ ಬುಡಕ್ಕಿಂತ ಎರಡೇ ಡಿಗ್ರಿ ಕಡಿಮೆ. ಊರಿನ ಹತ್ತಿರದ ಗುಡ್ಡಗಳಿಗೆ ನೆರಳೇ ಮುಖ್ಯ. ಬೇಸಿಗೆಗೆ ಅಂತ ಆರಿಸಿದ್ದು ಹೊಳೆ ಪಕ್ಕದ ಮರಗಳಡಿ ಸಾಗುವ ತಗ್ಗಿನ ಹಾದಿಗಳನ್ನು. ಬೋಳು ಶಿಖರಗಳೆಲ್ಲ ಚಳಿಗಾಲದ ಪಟ್ಟಿಗೆ ಹೋದವು.

ಒಳ್ಳೆ ಜಾಗ ಯಾವುದು ಅಂತ ಆರಿಸುವಾಗ ನೋಟ ಎಷ್ಟು ಚೆನ್ನಾಗಿದೆ ಅನ್ನುವುದಕ್ಕೆ ಕಡಿಮೆ ಅಂಕ ಕೊಟ್ಟಿದ್ದೇನೆ. ಒಂದು ಕಡೆ ಹತ್ತಿ ಇನ್ನೊಂದು ಕಡೆಯಿಂದ ಗಾಡಿ ಇದ್ದಲ್ಲಿಗೇ ಬರುವ ಸುತ್ತುದಾರಿಗೆ ಜಾಸ್ತಿ ಅಂಕ. ನಡುವೆ ಬೇಗ ವಾಪಸ್ ಬರಲು ಕವಲು ಇದ್ದರೆ ಇನ್ನೂ ಜಾಸ್ತಿ. ಯಾರ ಗೇಟಿಗೂ ಹೊಲಕ್ಕೂ ಅಡ್ಡ ಆಗದೆ ಗಾಡಿ ನಿಲ್ಲಿಸಲು ಜಾಗ ಇರಲೇಬೇಕು. ಕಾಡಿಗೆ ಅನುಮತಿ ಬೇಕಿದ್ದರೆ ಅದು ಸಿಗುವವರೆಗೆ ಆ ಹಾದಿ ಪೆನ್ಸಿಲಿನಲ್ಲೇ ಇರುತ್ತದೆ. ಇಷ್ಟು ಸೋಸಿದ ಮೇಲೆ ಮೇಲಕ್ಕೆ ಬಂದವು ಎತ್ತರದ, ಹೆಸರಾದ ಬೆಟ್ಟಗಳಲ್ಲ. ಸುಮ್ನೆ ಸಂಜೆ ಎರಡು ಗಂಟೆ ಬಿಡುವಿದ್ದರೂ ಹೋಗಿ ಬರಬಹುದಾದ ಸಣ್ಣ ಗುಡ್ಡಗಳು. ಅವನ್ನು ಎಲ್ಲ ಕಾಲದಲ್ಲೂ ನೋಡಬಹುದು, ಅದೇ ನನಗೆ ಖುಷಿ.

ಗುಡ್ಡದ ಮೇಲೆ ಫೋನಿನಲ್ಲಿ ದಾರಿ ದಾಖಲಿಸುವಾಗ ಒಂದು ವಿಷಯ ನೆನಪಿಡಿ. ಒಂದೇ ಕಡೆ ಕೂತಿದ್ದರೂ ಜಿಪಿಎಸ್ ಚುಕ್ಕೆ ಅತ್ತಿತ್ತ ಅಲ್ಲಾಡುತ್ತಾ ದೂರ ಕೂಡಿಸುತ್ತಲೇ ಇರುತ್ತದೆ. ವಿರಾಮಕ್ಕೆ ಕೂತಾಗ ದಾಖಲೆ ನಿಲ್ಲಿಸಬೇಕು.

ಮುಂದಿನ ಕೆಲಸ ಸಿಡಿಲಿನ ಟಿಪ್ಪಣಿ. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಅಂತ ಲೆಕ್ಕ. ಅಷ್ಟು ಹೊತ್ತಿಗೆ ಬೋಳು ಬಂಡೆ ಬಿಟ್ಟು ಇಳಿದಿರಬೇಕು, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಬೇಕು. ಪ್ರತಿ ಹಾದಿಯಲ್ಲೂ ಬಂಡೆಯಿಂದ ಬೇಗ ಇಳಿಯುವ ಜಾಗ ಎಲ್ಲಿದೆ ಅಂತ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೇನೆ. ಗುಡುಗಿನ ಮಳೆ ಶುರುವಾಗುವ ಮೊದಲು ಬೋಳು ಬಂಡೆಯ ಹಾದಿಗಳಷ್ಟನ್ನಾದರೂ ಮುಗಿಸಬೇಕು.