ಕೆಸರಲ್ಲಿ ಉಳಿದ ಐಸ್ ಗುರುತು

ಎರಡು ದಿನದಿಂದ ತಲೇಲಿ ಇದೇ ಓಡ್ತಿದೆ. ಆರ್ಕ್ಟಿಕ್ ಸಮುದ್ರದ ಐಸ್ ಒಳಗೆ, ಉಪ್ಪುನೀರಿನ ಸಣ್ಣ ಸಂದುಗಳಲ್ಲಿ ಬದುಕೋ, ಒಂದೇ ಕೋಶದ ಸಣ್ಣ ಪಾಚಿಗಳಾದ ಕೆಲವು ಡಯಾಟಮ್‌ಗಳು ಐಪಿ25 ಅಂತ ಒಂದು ಕೊಬ್ಬಿನಂಥ ವಸ್ತು ಮಾಡ್ತವೆ, ಐಸ್ ಕರಗಿದಾಗ ಅದು ಕೆಳಗಿಳಿದು ತಳದ ಕೆಸರಲ್ಲಿ ಸೇರ್ಕೊಂಡು ಸಾವಿರಾರು ವರ್ಷ ಹಾಗೇ ಉಳಿಯತ್ತೆ. ಸ್ಯಾಟಲೈಟ್‌ಗಳು ಐಸನ್ನ ಬಿಡದೆ ಅಳೀತಿರೋದೇ 1970ರ ದಶಕದ ಕೊನೆಯಿಂದ, ಅದಕ್ಕಿಂತ ಹಿಂದೆ ಎಲ್ಲಿ ಐಸ್ ಇತ್ತು ಅಂತ ತಿಳಿಯೋಕೆ ಈ ಕೆಸರೇ ದೊಡ್ಡ ಆಸರೆ.

ಆದ್ರೆ ಐಪಿ25 ಸಿಗದೇ ಇದ್ರೆ? ಒಂದೋ ಅಲ್ಲಿ ಐಸೇ ಇರ್ಲಿಲ್ಲ, ಇಲ್ಲಾ ಬೆಳಕು ನುಗ್ಗದಷ್ಟು ದಪ್ಪ ಐಸ್ ವರ್ಷವಿಡೀ ಮುಚ್ಕೊಂಡಿತ್ತು, ಪೂರ್ತಿ ಉಲ್ಟಾ! ಅದಕ್ಕೇ ತೆರೆದ ನೀರಿನ ಪಾಚಿಯ ಗುರುತನ್ನೂ ಜೊತೇಲಿ ಹುಡುಕ್ತಾರೆ, ಅದೂ ಇಲ್ದಿದ್ರೆ ದಪ್ಪ ಐಸ್ ಇದ್ದಿರಬೇಕು ಅಂತ. ಇಲ್ಲದೇ ಇರೋದನ್ನೂ ಇಷ್ಟು ತಾಳ್ಮೆಯಿಂದ ಓದೋರ ಮೇಲೆ ನಂಗೆ ತುಂಬಾ ಗೌರವ.